ಹಾರುವ ಹಡಗಿನಲ್ಲಿ ನಾಲ್ಕನೇ ಸೀಟು

ಕಥೆ ಮುಗಿದ ಮೇಲೆ ಕೆಲವರು ಊಟವಾದವರಂತೆ ಕೈ ತೊಳೆದು ಎದ್ದುಬಿಡುತ್ತಾರೆ. ಇನ್ನು ಕೆಲವರು ಕೈ ಒಣಗಿದರೂ ಎಲೆಯ ಮುಂದಿನಿಂದ ಏಳುವುದಿಲ್ಲ. ನಮ್ಮದು ಈ ಎರಡನೆಯ ವಂಶ. ಅಜ್ಜಿಯ ಕಡೆಯಿಂದ ಬಂದದ್ದು. ನಮ್ಮಜ್ಜಿಯ ಕಥೆಗಳಲ್ಲಿ ರಾಕ್ಷಸ ಸತ್ತ ಮೇಲೆಯೇ ನಿಜವಾದ ಕಥೆ ಶುರುವಾಗುತ್ತಿತ್ತು. "ಅವ್ನೇನೋ ಸತ್ತ. ಅವನ ಹೆಂಡ್ತಿ ಬೆಳಗ್ಗೆ ದೋಸೆಗೆ ಅಂತ ನೆನೆಹಾಕಿದ್ಲಲ್ಲ ಅಕ್ಕಿ, ಅದೇನಾಯ್ತು ಅಂತ ಯಾರಾದ್ರೂ ಕೇಳಿದ್ರಾ?" ಎನ್ನುವರು. ನಾವು ಕೇಳುತ್ತಿರಲಿಲ್ಲ. ಆದರೂ ಆ ಅಕ್ಕಿಯ ಕಥೆ ವಾರಗಟ್ಟಲೆ ನಡೆಯುತ್ತಿತ್ತು. ಹರಿಕಥೆ ದಾಸರು ಊರಿಗೆ ಬಂದರೆ ಅಜ್ಜಿ ಮುಂದಿನ ಸಾಲಿನಲ್ಲಿ ಕೂತು, ದಾಸರು ಬಿಟ್ಟುಹೋದ ಸಣ್ಣಪುಟ್ಟ ಪಾತ್ರಗಳ ಯೋಗಕ್ಷೇಮವನ್ನು ಅಲ್ಲಿಂದಲೇ ವಿಚಾರಿಸುತ್ತಿದ್ದರು. ದಾಸರು ನಮ್ಮೂರಿಗೆ ಬರುವುದನ್ನು ಕ್ರಮೇಣ ಕಡಿಮೆ ಮಾಡಿದರು.

ಹೀಗಿರುವಾಗ ನನ್ನ ಮಗಳು ಸಿರಿ ಫ್ಯಾನ್ ಫಿಕ್ಷನ್ ಬರೆಯುತ್ತಾಳೆ ಎಂದು ಗೊತ್ತಾದ ದಿನ ನಾನು ಬೆಚ್ಚಿಬೀಳಬಾರದಿತ್ತು. ಬಿದ್ದೆ. ಫ್ಯಾನ್ ಫಿಕ್ಷನ್ ಎಂದರೆ ಯಾರೋ ಬರೆದ ಕಥೆಯ ಪಾತ್ರಗಳನ್ನು ಅಭಿಮಾನಿಗಳು ಮನೆಗೆ ಕರೆತಂದು ಸಾಕುವುದು. ಸಿರಿ ಕರೆತಂದದ್ದು ಜಪಾನಿನ ಒಂದು ಅನಿಮೆಯಿಂದ. ಅನಿಮೆ ಎಂದರೆ ಅಲ್ಲಿಯವರ ಚಿತ್ರ ಓಡಿಸುವ ಕಥೆಗಳು. ಎಲ್ಲರ ಕಣ್ಣೂ ಮುಖದ ಅರ್ಧ ಇರುತ್ತದೆ, ಗಾಳಿ ಇಲ್ಲದಿದ್ದರೂ ಕೂದಲು ಹಾರುತ್ತಿರುತ್ತದೆ. ನಮ್ಮ ಮನೆಯವರು ಅದನ್ನು ಕಾರ್ಟೂನ್ ಎಂದೇ ಕರೆಯುತ್ತಾರೆ. "ಬಾಂದ್ರಾದಲ್ಲಿ ಅಷ್ಟು ದೊಡ್ಡ ಆಫೀಸಲ್ಲಿ ಕೆಲಸ, ಮನೆಗೆ ಬಂದ್ರೆ ಕಾರ್ಟೂನ್" ಎಂದು ಪೇಪರಿನ ಹಿಂದಿನಿಂದ ಗೊಣಗುತ್ತಾರೆ. ಸಿರಿ ಬರೆಯುವುದು ಇಂಗ್ಲಿಷಿನಲ್ಲಿ, ಫೋನಿನಲ್ಲಿ, ಹೆಚ್ಚಾಗಿ ಲೋಕಲ್ ರೈಲಿನಲ್ಲಿ ನಿಂತುಕೊಂಡು. ಅದನ್ನು ಪ್ರಪಂಚದ ಎಲ್ಲೆಲ್ಲಿಯವರೋ ಓದಿ ಕೆಳಗೆ ಅಭಿಪ್ರಾಯ ಬರೆಯುತ್ತಾರೆ. ನಾನೊಬ್ಬಳು ಮಾತ್ರ ಓದಿರಲಿಲ್ಲ. ಅವಳು ತೋರಿಸಿರಲಿಲ್ಲ, ನಾನೂ ಕೇಳಿರಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಸಿರಿ ತಿನ್ನದೆ ಕೂತಿದ್ದಳು. ಕೇಳಿದರೆ, "ಡಿಲೀಟ್ ಮಾಡ್ತಾ ಇದೀನಿ ಅಮ್ಮಾ. ಪೂರಾ ಸ್ಟೋರಿ. ಮುಝ್‌ಸೇ ನಹೀ ಹೋಗಾ, ನನ್ನ ಕೈಲಿ ಆಗಲ್ಲ" ಎಂದಳು. ಬ್ರೆಜಿಲ್ಲಿನ ಒಬ್ಬ ಓದುಗಾರ್ತಿ, ಮೊದಲಿನಿಂದಲೂ ಜೊತೆಗಿದ್ದವಳು, ಹಿಂದಿನ ರಾತ್ರಿ ಬರೆದಿದ್ದಳಂತೆ: 'ನಿಮ್ಮ ಕಥೆಗೆ ತುಂಬ ದೊಡ್ಡದಾಗುವ ಆಸೆ ಇದೆ. ಆದರೆ ಇಷ್ಟು ಕಾಲ ಓದಿದ ಮೇಲೂ ಆ ಊರಿನ ಒಂದು ಮನೆಯೊಳಗೂ ನಾನು ಹೋಗಿ ಬಂದ ಹಾಗೆ ಅನ್ನಿಸುತ್ತಿಲ್ಲ.'

"ಹೊಟ್ಟೆಕಿಚ್ಚು ಬಿಡೇ" ಎಂದೆ. ತಾಯಂದಿರಿಗೆ ಇದು ಬಾಯಿಪಾಠ.

"ಹೊಟ್ಟೆಕಿಚ್ಚಲ್ಲ ಅಮ್ಮಾ. ಶೀ ಈಸ್ ರೈಟ್. ಅದೇ ಪ್ರಾಬ್ಲಂ."

ಮೂರು ವರ್ಷ ಸಾಕಿದ ಕಥೆ. ಪರೀಕ್ಷೆ, ಹೊಸ ಕೆಲಸ, ಒಂದು ಪ್ರೀತಿ ಮುರಿದದ್ದು, ಎಲ್ಲದರ ನಡುವೆಯೂ ಅವಳು ಕೈಬಿಡದೆ ಹಿಡಿದದ್ದು ಇದೊಂದನ್ನೇ ಎಂದು ನನಗೆ ಗೊತ್ತಿತ್ತು. ಇದನ್ನು ಅಳಿಸಿದರೆ ಮತ್ತೆ ಏನನ್ನೂ ಬರೆಯಲಾರಳು ಎಂದು ಅವಳ ಮುಖ ನೋಡಿಯೇ ಹೇಳಬಹುದಿತ್ತು. "ನೋಡು, ಸಾಯಿಸೋಕ್ಮುಂಚೆ ಒಂದ್ಸಲ ಮುಖ ಆದ್ರೂ ತೋರ್ಸು ನಂಗೆ. ಮುಂದಿನ ಭಾನುವಾರದ ತನಕ ಟೈಮ್ ಕೊಡು" ಎಂದೆ. ಅವಳು ಕಥೆಯನ್ನು ನನ್ನ ಫೋನಿಗೆ ಕಳಿಸಿ, ಉಪ್ಪಿಟ್ಟು ತಿಂದಳು.

ನನ್ನ ಆಫೀಸು ಬೈಕುಲ್ಲಾದಲ್ಲಿ. ಅಂಧೇರಿಯಿಂದ ದಾದರ್, ಅಲ್ಲಿ ಲೈನು ಬದಲಿಸಿ ಬೈಕುಲ್ಲಾ. ಮರುದಿನ ಲೇಡೀಸ್ ಡಬ್ಬಿಯಲ್ಲಿ ಸೀಟು ಸಿಕ್ಕಿದ್ದೇ ಓದಲು ಶುರುಮಾಡಿದೆ. ಮೊದಲ ಅಧ್ಯಾಯದಲ್ಲಿ ಒಂದು ಅರಮನೆಯ ಬಾಗಿಲು ಬರುತ್ತದೆ. ಅದರ ಮೇಲಿನ ಕೆತ್ತನೆ, ಕೆತ್ತಿದವನ ಗುರು, ಮರ ಬಂದ ಕಾಡು, ಆ ಕಾಡಿಗೆ ಇದ್ದ ಶಾಪ. ಅಂಧೇರಿಯಲ್ಲಿ ಶುರುವಾದ ಬಾಗಿಲು ಬಾಂದ್ರಾ ದಾಟಿದರೂ ತೆರೆಯಲಿಲ್ಲ. ತೆರೆದ ಮೇಲೆ ಒಳಗೆ ಐದು ರಾಜಮನೆತನಗಳು ಕಾದು ನಿಂತಿದ್ದವು. ಐದರ ಹೆಸರೂ ಒಂದೇ ಅಕ್ಷರದಿಂದ ಶುರು. ಆ ರಾಜ್ಯದ ಸುಂಕದ ಪದ್ಧತಿಗೇ ಒಂದು ಅಧ್ಯಾಯವಿತ್ತು. ಯುದ್ಧದಲ್ಲಿ ಹೊಡೆಯುವವನು ಹೊಡೆಯುವ ಮುಂಚೆ ಏಟಿನ ಹೆಸರು, ಅದನ್ನು ಕಲಿಸಿದ ಗುರುಪರಂಪರೆ ಎಲ್ಲವನ್ನೂ ಕೂಗಿ ಹೇಳುತ್ತಾನೆ. ನಮ್ಮ ಕಡೆಯಾಗಿದ್ದರೆ ಅಷ್ಟರಲ್ಲಿ ಎದುರಾಳಿ ರಿಕ್ಷಾ ಹಿಡಿದು ಹೋಗಿಬಿಟ್ಟಿರುತ್ತಿದ್ದ. ಪ್ರತಿಯೊಬ್ಬರಿಗೂ ದುಃಖದ ಬಾಲ್ಯ, ಮಾತುಮಾತಿಗೆ ಕಣ್ಣೀರು. ಹಿಮ ಬೇರೆ ಸುರಿಯುತ್ತಿತ್ತು. ಹುಡುಗಿ ಹುಟ್ಟಿದಾರಭ್ಯ ಹಿಮ ಕಂಡದ್ದು ಫ್ರಿಜ್ಜಿನಲ್ಲಿ ಮಾತ್ರ. ಅವಳ ಹಿಮ ಮಳೆಗಾಲದ ಅಂಧೇರಿ ಸಬ್‌ವೇಯ ನೀರಿನ ಹಾಗೆ ಮೊಣಕಾಲುದ್ದ ನಿಲ್ಲುತ್ತದೆ, ಸೈನಿಕರು ಪಾದರಕ್ಷೆ ಕೈಯಲ್ಲಿ ಹಿಡಿದು ದಾಟುತ್ತಾರೆ. ಬ್ರೆಜಿಲ್ಲಿನವಳ ಮೇಲೆ ನನಗಿದ್ದ ಸಿಟ್ಟು ದಾದರ್ ಬರುವಷ್ಟರಲ್ಲಿ ಇಳಿದುಹೋಗಿತ್ತು.

ಆದರೆ ಮಂಗಳವಾರ ಮಿನೋರು ಬಂದ. ಮೂಲದ ಅನಿಮೆಯಲ್ಲಿ ಅವನಿಗೆ ಹೆಸರೇ ಇಲ್ಲವಂತೆ. ಬಾವುಟ ಹಿಡಿದು ನಾಯಕನ ಹಿಂದೆ ನಿಂತಿರುವ ಬೊಕ್ಕತಲೆಯ ನಡುವಯಸ್ಕ, ಒಂದು ಮಾತೂ ಆಡದೆ ಸಾಯುತ್ತಾನೆ. ಅವನು ಬಿದ್ದಾಗ ನಾಯಕ ಬಾವುಟವನ್ನು ಎತ್ತಿಕೊಳ್ಳುತ್ತಾನೆಯೇ ಹೊರತು ಅವನತ್ತ ನೋಡುವುದಿಲ್ಲ. ಸಿರಿಗೆ ಇದೇ ಸಹಿಸಲಾಗದ್ದು. ತನ್ನ ಕಥೆಯಲ್ಲಿ ಅವನನ್ನು ಬದುಕಿಸಿ, ಹೆಸರಿಟ್ಟು, ಹೆಂಡತಿಯನ್ನೂ ಮಂಡಿನೋವನ್ನೂ ಕೊಟ್ಟಿದ್ದಳು. ಅವನು ಬಾವುಟ ಹಿಡಿಯುವುದು ದೇಶಕ್ಕಾಗಿ ಅಲ್ಲ, ಬಾವುಟದವನಿಗೆ ಎರಡನೇ ಸಲ ಅನ್ನ ಬಡಿಸುತ್ತಾರೆ ಎಂದು. ಮಳೆಯಲ್ಲಿ ನೆನೆದ ಬಾವುಟ ಎಷ್ಟು ಭಾರ ಎಂದು ಅವನೊಬ್ಬನಿಗೇ ಗೊತ್ತು. ನೆನೆಹಾಕಿದ ಅಕ್ಕಿಯ ಗತಿಯೇನು ಎಂದು ಕೇಳಿದ ನಮ್ಮಜ್ಜಿ, ಕನ್ನಡ ತಡವರಿಸುವ ಈ ಹುಡುಗಿಯೊಳಗೆ ಇಂಗ್ಲಿಷಿನಲ್ಲಿ ಕೂತಿದ್ದರು.

ಬುಧವಾರ ಹಾರುವ ಹಡಗು ಬಂತು. ಯುದ್ಧಭೂಮಿಗೆ ಸೈನ್ಯವನ್ನು ಸಾಗಿಸುವ ಹಡಗು. ಮೋಡಗಳ ನಡುವೆ ತೇಲುತ್ತದೆ. ಮೂವರು ಕೂರುವ ಬೆಂಚುಗಳು. ಮಿನೋರು ಬಾವುಟ ಹಿಡಿದು ಬಂದು ನಿಲ್ಲುತ್ತಾನೆ. ಕೂತ ಮೂವರೂ ಅವನ ಮುಖ ನೋಡದೆಯೇ ಒಂದೊಂದು ಬೆರಳು ಸರಿಯುತ್ತಾರೆ. ಅವನು ಅರ್ಧ ತೊಡೆಯೂರಿ ಕೂರುತ್ತಾನೆ, ಉಳಿದರ್ಧ ಆಕಾಶದಲ್ಲಿ. ಆಮೇಲೆ ಕಿಟಕಿಯ ಪಕ್ಕದವನನ್ನು ಕೇಳುತ್ತಾನೆ: "ನೀವು ಎಲ್ಲಿ ಇಳೀತೀರಿ?" ಅವನು ಯಾವುದೋ ಕೋಟೆಯ ಹೆಸರು ಹೇಳುತ್ತಾನೆ. ಅಷ್ಟೇ, ಅವನಿಳಿದ ಮೇಲೆ ಆ ಜಾಗ ಮಿನೋರುವಿನದು. ಸೇನಾಪತಿ ಬಂದರೂ ಸಿಕ್ಕದು.

ನಮ್ಮ ಲೋಕಲ್‌ನ ನಾಲ್ಕನೇ ಸೀಟು! ಯಾವ ಕಾನೂನಿನಲ್ಲೂ ಇಲ್ಲದ, ಎಲ್ಲರೂ ಪಾಲಿಸುವ ಹಕ್ಕು. ಕೆಳಗೆ ಪರದೇಶದವರ ಅಭಿಪ್ರಾಯಗಳ ಜಾತ್ರೆ. 'ಈ ಸೀಟಿನ ಧರ್ಮವನ್ನು ನೀವು ಹೇಗೆ ಕಲ್ಪಿಸಿಕೊಂಡಿರಿ?' ಎಂದು ಆ ಬ್ರೆಜಿಲ್ಲಿನವಳೇ ಬೆರಗಾಗಿದ್ದಳು. ಓದುತ್ತಾ ನಾನು ದಾದರ್‌ನಲ್ಲಿ ಇಳಿಯುವುದನ್ನೇ ಮರೆತೆ. ಇದು ಸುಲಭದ ಸಾಧನೆಯಲ್ಲ. ದಾದರ್‌ನಲ್ಲಿ ಇಳಿಯುವುದು ಬಿಡುವುದು ನಮ್ಮ ಕೈಯಲ್ಲಿರುವುದಿಲ್ಲ, ಗುಂಪೇ ಇಳಿಸುತ್ತದೆ. ಚರ್ಚ್‌ಗೇಟ್‌ವರೆಗೆ ಹೋಗಿ ವಾಪಸು ಬಂದೆ.

ಅದೇ ಹಡಗಿನಲ್ಲಿ ಓಬಾ ಎಂಬ ಹೆಂಗಸೊಬ್ಬಳಿದ್ದಳು. ಇನ್ನೊಂದು ಬೆಂಚಿನಲ್ಲಿ, ಕಿಟಕಿಯ ಪಕ್ಕ, ಒಂದೂವರೆ ಸೀಟು ಹಿಡಿದು ಕೂತವಳು. ಛತ್ರಿಯ ಹಿಡಿಗೆ ಕೆಂಪು ನಾಡಾ, ಅದೇ ಲಂಗದ ಲಾಡಿ, ಕಟ್ಟಿರುತ್ತಾಳೆ, ಕಳ್ಳರು ಗುರುತು ಸಿಕ್ಕೀತೆಂದು ಕದಿಯುವುದಿಲ್ಲವಂತೆ. ಪಕ್ಕದಲ್ಲಿ ಕೂತ ಸೈನಿಕನ ಸಂಬಳ, ಗೋತ್ರ, ಮದುವೆಯಾಗದಿರುವ ಕಾರಣ ಮೂರನ್ನೂ ಒಂದೇ ಉಸಿರಿನಲ್ಲಿ ಕೇಳುತ್ತಾಳೆ. ಎಲ್ಲರಿಗೂ ಬುದ್ಧಿ ಹೇಳಿದ ಮೇಲೆ ಎಲ್ಲರಿಗೂ ಡಬ್ಬಿಯಿಂದ ತಿನ್ನಲು ಕೊಡುತ್ತಾಳೆ. ಬೇಡವೆನ್ನುವ ಧೈರ್ಯ ಸೇನಾಪತಿಗೂ ಇಲ್ಲ. ನನಗೆ ನಗು ತಡೆಯಲಾಗಲಿಲ್ಲ. ಇದು ಥೇಟ್ ನಮ್ಮ ಸಾವಂತ್ ಬಾಯಿ! ವರ್ಷಗಳಿಂದ ನನ್ನ ಪಕ್ಕದಲ್ಲೇ ಪ್ರಯಾಣಿಸುವವರು, ಬಾಯಿ ಸ್ವಲ್ಪ ಜೋರು. ಮರುದಿನ ಧೈರ್ಯ ಮಾಡಿ ಆ ಭಾಗವನ್ನು ಅವರಿಗೇ ಹಿಂದಿಯಲ್ಲಿ ಓದಿ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನ್ನ ತೊಡೆಯ ಮೇಲಿದ್ದ ಛತ್ರಿಯನ್ನು ನೋಡಿ ಇನ್ನೊಮ್ಮೆ ನಕ್ಕು, "ಹೋ, ಓಳಖೀಚೀಚ್ ವಾಟತೇ," ಪರಿಚಯದವಳ ಹಾಗೇ ಇದ್ದಾಳೆ, ಎಂದರು. ಎಷ್ಟು ದೊಡ್ಡ ಮನಸ್ಸು, ತನ್ನನ್ನು ತಾನೇ ನೋಡಿ ನಗುತ್ತಾರಲ್ಲ ಎಂದುಕೊಂಡೆ.

ಶುಕ್ರವಾರ ನಾನು ಸುಮ್ಮನಿರಲಾರದೆ ಒಂದು ಕೆಲಸ ಮಾಡಿದೆ. 'ಸಹೃದಯಿ' ಎಂಬ ಹೆಸರಿನಲ್ಲಿ ಖಾತೆ ತೆರೆದು, ನಾನು ಯಾರೆಂದು ಗೊತ್ತಾಗದ ಹಾಗೆ ಸಿರಿಯ ಕಥೆಯ ಕೆಳಗೆ ಒಂದು ಅಭಿಪ್ರಾಯ ಹಾಕಿದೆ. ಕಷ್ಟವೇನೆಂದರೆ, ನಮ್ಮ ಕನ್ನಡ ಸಂಘದಲ್ಲಿ ವರ್ಷಾನುಗಟ್ಟಲೆ ವಂದನಾರ್ಪಣೆ ನನ್ನದೇ. ಕೈ ಬೇರೆ ದಾರಿ ಅರಿಯದು. 'ಮಾನ್ಯ ಲೇಖಕಿಯವರೇ ಹಾಗೂ ನೆರೆದಿರುವ ಓದುಗ ಬಾಂಧವರೇ' ಎಂದು ಇಂಗ್ಲಿಷಿನಲ್ಲಿ ಶುರುಮಾಡಿ, ಮಿನೋರುವನ್ನೂ ನಾಲ್ಕನೇ ಸೀಟನ್ನೂ ಕೊಂಡಾಡಿ, ಕಥೆಯನ್ನು ದಯವಿಟ್ಟು ನಿಲ್ಲಿಸಬಾರದೆಂದು ಕೋರಿ, ಪ್ರತ್ಯಕ್ಷವಾಗಿಯೂ ಪರೋಕ್ಷವಾಗಿಯೂ ಸಹಕರಿಸಿದ ಸರ್ವರಿಗೂ ಕೃತಜ್ಞತೆ ಸಲ್ಲಿಸಿ ಮುಗಿಸಿದೆ. ಪುಣ್ಯಕ್ಕೆ ಲಘು ಉಪಾಹಾರದ ವಿಷಯ ಬರೆಯಲಿಲ್ಲ. 'ಇವರು ಯಾವ ದೇಶದ ರಾಯಭಾರಿ?' ಎಂದು ಬ್ರೆಜಿಲ್ಲಿನವಳು ಕೇಳಿದ್ದಳು.

ಸಂಜೆ ಸಿರಿ ಕೋಣೆಯಿಂದ ಹೊರಗೆ ಬಂದಳು. ಫೋನನ್ನು ನನ್ನ ಮುಖಕ್ಕೆ ಹಿಡಿದು, "ಅಮ್ಮಾ, ಯಾರಿದು ಸಹೃದಯಿ?" ಎಂದಳು.

"ಯಾರೋ ತಿಳಿದವರು ಇರ್ಬೇಕು."

"ಪರೋಕ್ಷವಾಗಿ ಯಾರಮ್ಮಾ ಹೆಲ್ಪ್ ಮಾಡಿದ್ರು ನಂಗೆ? ಲೋಕಲ್ ಡ್ರೈವರಾ?" ಎಂದು ನಗಲು ಶುರುಮಾಡಿದವಳು ನೆಲದ ಮೇಲೇ ಕೂತುಬಿಟ್ಟಳು. ಎಷ್ಟೋ ದಿನಗಳ ಮೇಲೆ ಕೇಳಿದ ನಗು. ಸಮಯ ನೋಡಿ ನಾನೂ ಪಕ್ಕದಲ್ಲಿ ಕೂತೆ. "ಆ ಬ್ರೆಜಿಲ್ ಹುಡುಗಿ ಹೇಳಿದ್ದು ನಿಜ ಕಣೇ. ನಿನ್ನ ಅರಮನೆ ಬಾಗ್ಲು ತಳ್ಳಿ ತಳ್ಳಿ ನನ್ನ ಕೈ ಸೋತೋಯ್ತು. ಆದ್ರೆ ಹಡಗಿದ್ಯಲ್ಲ, ಅಲ್ಲಿ ನಾನು ಕೂತು ಬಂದೆ" ಎಂದೆ.

"ಅದು ಫಿಲ್ಲರ್ ಅಮ್ಮಾ, ಜಾಗ ತುಂಬ್ಸೋಕೆ! ಹೋಳಿ ದಿನ ಬೋರ್ ಆಗಿ ಟೈಪ್ ಮಾಡಿದ್ದು. ಜಪಾನ್ ಥರಾನೇ ಇಲ್ಲ ಅದು."

"ಇಲ್ದೇ ಇರ್ಲಿ. ಅವ್ರ ಹತ್ರ ಜಪಾನ್ ಇದೆ, ನಾಲ್ಕನೇ ಸೀಟ್ ಎಲ್ಲಿದೆ? ಅದ್ರಲ್ಲೂ ಆ ಓಬಾ! ಸಾವಂತ್ ಬಾಯೀನ ಏನು ಹಿಡಿದಿದೀಯೇ!"

ಸಿರಿ ನಗು ನಿಲ್ಲಿಸಿದಳು. ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ್ದ ನನ್ನ ಛತ್ರಿಯ ಕಡೆ ನೋಡಿದಳು. ಅದರ ಹಿಡಿಗೆ ಕೆಂಪು ನಾಡಾ ಕಟ್ಟಿತ್ತು. ಕಟ್ಟಿದವಳು ನಾನೇ, ಕಳ್ಳರ ದೆಸೆಯಿಂದ.

"ಅಮ್ಮಾ," ಎಂದಳು ಮೆಲ್ಲಗೆ, "ಅದು ಸಾವಂತ್ ಆಂಟಿ ಅಲ್ಲ."

ಪೇಪರಿನ ಹಿಂದಿನಿಂದ ನಮ್ಮ ಮನೆಯವರ ದನಿ ಬಂತು. "ನಂಗೆ ಮೊದ್ಲೇ ಗೊತ್ತಿತ್ತು."

"ನೀವೂ ಓದಿದೀರಾ? ಕಾರ್ಟೂನ್ ಅಂತಿದ್ರಿ?"

"ಓಬಾ ಬರೋ ಕಡೆ ಮಾತ್ರ."

ಎರಡು ಹೊತ್ತು ನಾನು ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟೆ. ನಾನು ಒಂದೂವರೆ ಸೀಟು ಹಿಡಿಯುತ್ತೇನೆಯೇ? ಬೇರೆಯವರ ಸಂಬಳ ಕೇಳುತ್ತೇನೆಯೇ? ಕೇಳುತ್ತೇನೆ, ಆದರೆ ಗೋತ್ರದ ಜೊತೆಗೆ ಅಲ್ಲ. ಮೂರನೆಯ ಹೊತ್ತಿಗೆ ಸಿಟ್ಟು ತಾನೇ ತಣ್ಣಗಾಯಿತು. ಮೂರು ವರ್ಷ ನನಗೆ ತೋರಿಸದೆ ಬರೆದ ಕಥೆಯಲ್ಲಿ ಹುಡುಗಿ ನನ್ನನ್ನು ಕೂರಿಸಿದ್ದಳು, ಅದೂ ಕಿಟಕಿಯ ಪಕ್ಕ. ಇನ್ನೇನು ಬೇಕು?

ಭಾನುವಾರ ಸಿರಿ ಏನನ್ನೂ ಅಳಿಸಲಿಲ್ಲ. ಮುಂದಿನ ತಿಂಗಳುಗಳಲ್ಲಿ ಅಂಧೇರಿ ಬಾಂದ್ರಾ ನಡುವೆ ನಿಂತೇ ಕಥೆಯನ್ನು ಮುಗಿಸಿದಳು. ಸೋತ ಶತ್ರು ಸೇನಾಪತಿ ಊರಿಗೆ ಮರಳಲು ಬೇರೆ ದಾರಿಯಿಲ್ಲದೆ ಅದೇ ಹಡಗು ಹತ್ತುತ್ತಾನೆ. ಎಲ್ಲರ ಕೈ ಕತ್ತಿಯ ಮೇಲೆ. ಬೆಂಚಿನಲ್ಲಿ ಮೂವರು, ತುದಿಯವನು ಮಿನೋರು. ಅವನು ಶತ್ರುವನ್ನು ನೋಡುತ್ತಾನೆ, ಅವನ ಮಂಡಿಯನ್ನು ನೋಡುತ್ತಾನೆ. "ನೀವು ಎಲ್ಲಿ ಇಳೀತೀರಿ?" ಎಂದು ಕೇಳಿ, ಒಂದು ಬೆರಳು ಸರಿಯುತ್ತಾನೆ. ಓಬಾ ಡಬ್ಬಿ ತೆಗೆಯುತ್ತಾಳೆ. ಮೂರು ವರ್ಷ ಕಾದ ಕೆಲವರು 'ಇದೆಂಥ ಯುದ್ಧ, ಏಟೇ ಬೀಳಲಿಲ್ಲ' ಎಂದು ಬೈದರು. ಬ್ರೆಜಿಲ್ಲಿನವಳು ಒಂದೇ ಸಾಲು ಬರೆದಳು: 'ಈಗ ಹೋಗಿ ಬಂದೆ.' ಅರಮನೆಯ ಬಾಗಿಲನ್ನು ಮಾತ್ರ ಸಿರಿ ಒಂದು ಪದವೂ ಕಡಿಮೆ ಮಾಡಲಿಲ್ಲ. "ಇರ್ಲಿ ಬಿಡಮ್ಮಾ, ನಂಗೆ ಅದು ಇಷ್ಟ" ಎಂದಳು. ಇರಲಿ. ಮೊದಲ ದೋಸೆ ಯಾರಿಗೆ ತಾನೇ ಸರಿಯಾಗಿ ಏಳುತ್ತದೆ?

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹೋದ ತಿಂಗಳು ಆ ಬ್ರೆಜಿಲ್ಲಿನವಳು ಸಿರಿಯ ಅಪ್ಪಣೆ ಪಡೆದು ಓಬಾಳ ಬಗ್ಗೆಯೇ ಬೇರೊಂದು ಕಥೆ ಬರೆಯತೊಡಗಿದ್ದಾಳೆ. ಅದರಲ್ಲಿ ಓಬಾ ತೆಳ್ಳಗಿದ್ದಾಳೆ. ಮೆಲ್ಲಗೆ ಮಾತಾಡುತ್ತಾಳೆ. ಛತ್ರಿಯನ್ನು ಕಳೆದುಕೊಳ್ಳುತ್ತಾಳೆ! ನಾಡಾ ಕಟ್ಟಿದ ಛತ್ರಿ ಕಳೆಯುವುದುಂಟೇ? ಸಹೃದಯಿಯ ಹೆಸರಿನಲ್ಲಿ 'ಪಾತ್ರಕ್ಕೆ ನ್ಯಾಯ ಒದಗಿಲ್ಲ' ಎಂದು ಖಂಡಿಸಿ ಬರೆದೆ. ಸಿರಿ ನೋಡಿ, "ಅಷ್ಟು ಇದ್ರೆ ನೀನೇ ಬರಿಯಮ್ಮಾ" ಎಂದಳು.

ಬರೆಯುತ್ತಿದ್ದೇನೆ, ಕನ್ನಡದಲ್ಲಿ, ಲೋಕಲ್‌ನಲ್ಲಿ. ಓಬಾ ಹಡಗು ಇಳಿದು ರಾಜನಿಗೇ ನಾಲ್ಕು ಬುದ್ಧಿಮಾತು ಹೇಳಲು ಅರಮನೆಗೆ ಹೋಗುತ್ತಾಳೆ. ಮೊದಲ ಅಧ್ಯಾಯ ಚಿಕ್ಕದಾಗಿ, ಚೊಕ್ಕವಾಗಿ ಇರಬೇಕೆಂಬುದು ನನ್ನ ಸಂಕಲ್ಪ. ಎರಡು ವಾರವಾಯಿತು, ಓಬಾ ಇನ್ನೂ ಹೊರಗೇ ನಿಂತಿದ್ದಾಳೆ. ಬಾಗಿಲಿನ ಮೇಲೆ ಬಹಳ ಸೊಗಸಾದ ಕೆತ್ತನೆಯಿದೆ.