ಬಂದೂಕಿಗೆ ಒಪ್ಪಿದ ಗುಂಡು

ವೆಂಡೆಲ್ ಶ್ರೇಡರ್‌ನ ಅಂಗಿಗಳೆಲ್ಲ ಮುಂದೆ ಉದ್ದ, ಹಿಂದೆ ಗಿಡ್ಡ. ಪೆನ್ಸಿಲ್ವೇನಿಯಾದ ಆ ಬೆಟ್ಟಗಳಲ್ಲಿ ಜಿಂಕೆಗೆ ಗುರಿ ತಪ್ಪಿದವನ ಅಂಗಿಯ ಹಿಂದಿನ ಅಂಚನ್ನು ಕತ್ತರಿಸಿ, ಹೆಸರು ಬರೆದು, ಗೋಡೆಗೆ ಮೊಳೆ ಹೊಡೆಯುವುದು ಪದ್ಧತಿ. ಭಾವಮೈದುನ ಗಸ್‌ನ ಬೇಟೆಮನೆಯಲ್ಲಿ ಒಂದು ಗೋಡೆ ಪೂರ್ತಿ ವೆಂಡೆಲ್‌ನದೇ. ನೋಡಿದವರಿಗೆ ಯಾರೋ ಬಟ್ಟೆ ಒಗೆದು ಒಣಹಾಕಿದ್ದಾರೆ ಅನ್ನಿಸುತ್ತಿತ್ತು.

ಈ ವರ್ಷ ಹೆಂಡತಿ ಡೋರೀನ್ ಅವನಿಗೆ ಕೆಂಪು ಚೌಕುಳಿಯ ಹೊಸ ಉಣ್ಣೆ ಅಂಗಿ ತಂದಿದ್ದಳು. ನಾಳೆ ಬೆಳಗಾದರೆ ಬೇಟೆ ಶುರು.

"ಇದನ್ನೂ ಕತ್ತರಿಸ್ಕೊಂಡು ಬಂದ್ರೆ ಮುಂದಿನ ವರ್ಷ ಗೋಣಿಚೀಲ ಹಾಕ್ಕೊಂಡು ಹೋಗು" ಎಂದಳು.

"ತಪ್ಪು ನಂದಲ್ಲ ಕಣೆ, ಗುಂಡಿಂದು. ಒಂದೊಂದು ಬಂದೂಕಿಗೆ ಒಂದೊಂದು ತೂಕದ ಗುಂಡು ಒಗ್ಗುತ್ತೆ. ನಂದಕ್ಕೆ ಯಾವುದು ಅಂತ ಇವತ್ತು ಕಂಡುಹಿಡಿದೇ ಬರ್ತೀನಿ."

ನೂರೈವತ್ತು, ನೂರ ಅರವತ್ತೈದು, ನೂರ ಎಂಬತ್ತು ಗ್ರೇನ್ ತೂಕದ ಮೂರು ಪೆಟ್ಟಿಗೆ ಗುಂಡುಗಳನ್ನು ಹೊತ್ತುಕೊಂಡು ಅವನು ಊರಾಚೆಯ ಗುರಿಮೈದಾನಕ್ಕೆ ಹೊರಟ. ಅಂಗಡಿಯಲ್ಲಿ ಉಳಿದಿದ್ದ ಕೊನೆಯ ಪೆಟ್ಟಿಗೆಗಳು ಅವೇ.

ಬೇಟೆಯ ಹಿಂದಿನ ದಿನವೇ ಬಂದೂಕಿನ ನೆನಪಾಗುವುದು ಅವನೊಬ್ಬನಿಗೇ ಅಲ್ಲವಲ್ಲ. ಪಕ್ಕದ ಮೇಜಿನಲ್ಲಿ ವೆಲ್ಮಾ ಅತ್ತೆ ಕಿತ್ತಳೆ ಟೋಪಿ ಹಾಕಿಕೊಂಡು, ಹಬ್ಬದಲ್ಲಿ ಉಳಿದ ಟರ್ಕಿ ಕೋಳಿಯ ಮಾಂಸವನ್ನು ಬ್ರೆಡ್ಡಿನ ನಡುವೆ ಇಟ್ಟು ತಿನ್ನುತ್ತಿದ್ದಳು. ಅವಳು ಊರಿಗೆಲ್ಲ ಅತ್ತೆ. ಅವಳ ಹಿಂದೆ ಲಾಯ್ಡ್, ಅಂಚೆ ಕೆಲಸದಿಂದ ನಿವೃತ್ತನಾದವನು, ಯಾರೂ ಕೇಳದಿದ್ದರೂ ಸಲಹೆ ಹಂಚುತ್ತ ನಿಂತಿದ್ದ.

ವೆಂಡೆಲ್ ಮೊದಲು ನೂರೈವತ್ತು ಹೊಡೆದ. ಎಲ್ಲರೂ ಬಂದೂಕು ಕೆಳಗಿಟ್ಟ ಮೇಲೆ ದೂರದ ಹಲಗೆಯ ತನಕ ನಡೆದುಹೋಗಿ ನೋಡಿದರೆ ಮೂರು ತೂತುಗಳು ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ಅದಕ್ಕೆ ಅಂಟಿಸಿದ್ದ ಗುರಿಕಾಗದದ ಮೂರು ಮೂಲೆ ಹಿಡಿದಿದ್ದವು.

"ಹಗುರ ಆಯ್ತು. ಗಾಳಿ ಎತ್ಕೊಂಡು ಹೋಗಿದೆ" ಎಂದ ಲಾಯ್ಡ್.

"ಬೇಡದಿದ್ರೆ ಇತ್ಲಾಗ್ ಕೊಡು, ನನ್ನ ಬಂದೂಕಿಗೂ ಅದೇ ಆಗುತ್ತೆ" ಎಂದಳು ವೆಲ್ಮಾ ಅತ್ತೆ. ವೆಂಡೆಲ್ ಪೆಟ್ಟಿಗೆಯನ್ನೇ ಕೊಟ್ಟುಬಿಟ್ಟ.

ನಳಿಗೆ ಆರಿದ ಮೇಲೆ ನೂರ ಅರವತ್ತೈದು. ಈ ಸಲ ಎರಡು ತೂತು ಒಟ್ಟಿಗಿದ್ದವು, ಒಂದು ಮಾತ್ರ ಮುನಿಸಿಕೊಂಡು ಸ್ವಲ್ಪ ದೂರ ಕೂತಿತ್ತು.

"ಪರವಾಗಿಲ್ವೋ. ಇದನ್ನೇ ಇಟ್ಕೋ" ಎಂದ ಲಾಯ್ಡ್.

"ಪರವಾಗಿಲ್ಲ ಅನ್ನೋದ್ರಿಂದಲೇ ನನ್ನ ಅಂಗಿಗಳಿಗೆ ಈ ಗತಿ ಬಂದಿರೋದು" ಎಂದು ವೆಂಡೆಲ್ ಹೊಸ ಕಾಗದ ಅಂಟಿಸಿ ಬಂದ. ಕೊನೆಗೆ ನೂರ ಎಂಬತ್ತು. ಅವನು ಉಸಿರು ಬಿಗಿಹಿಡಿದು ಹೊಡೆದ. ಪಕ್ಕದಲ್ಲಿ ವೆಲ್ಮಾ ಅತ್ತೆಯೂ ಬ್ರೆಡ್ ಕೆಳಗಿಟ್ಟು ಹೊಡೆಯತೊಡಗಿದ್ದಳು.

ಹೋಗಿ ನೋಡಿದರೆ ವೆಂಡೆಲ್‌ಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ನಟ್ಟನಡುವೆ ಮೂರು ತೂತುಗಳು ಒಂದರ ಮೇಲೊಂದು ಬಿದ್ದು, ಒಂದು ನಾಣ್ಯ ಇಟ್ಟರೆ ಮುಚ್ಚಿಹೋಗುವಂತಿದ್ದವು.

ಅವನು ಆ ಕಾಗದವನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದು ಎಲ್ಲರಿಗೂ ತೋರಿಸಿದ. ಖುಷಿಯಲ್ಲಿ ನೂರ ಅರವತ್ತೈದರ ಪೆಟ್ಟಿಗೆಯನ್ನು ಲಾಯ್ಡ್‌ಗೆ ದಾನ ಮಾಡಿದ. ಲಾಯ್ಡ್ ಅದನ್ನು ಜೇಬಿಗಿಳಿಸಿ, ಟ್ರಕ್ ಹತ್ತಿ, ಫೋನಿಗೆ ಸಿಗದ ತನ್ನ ಕಾಡುಮನೆಗೆ ಹೊರಟೇಹೋದ.

"ನನ್ನ ಕಾಗದ ಯಾರಾದ್ರೂ ನೋಡಿದ್ರಾ?" ವೆಲ್ಮಾ ಅತ್ತೆ ಕೇಳಿದಳು. "ನನ್ನ ಮಂಡಿ ಅಷ್ಟು ದೂರ ಬರಲ್ಲ ಅನ್ನುತ್ತೆ."

ವೆಂಡೆಲ್ ಹೋಗಿ ನೋಡಿಬಂದ. "ಒಂದೂ ತೂತಿಲ್ಲ ಅತ್ತೆ. ಈಗಷ್ಟೇ ಅಂಟಿಸಿದ ಹಾಗಿದೆ."

"ಒಂದೂ ಇಲ್ವಾ? ನೆಟ್ಟಗೆ ಹೊಡೆದ್ನಲ್ಲೋ. ಎಡಗಡೆ ಹಲಗೆ ತಾನೇ ನಂದು?"

"ಎಡಗಡೇದು ನಂದು."

ವೆಲ್ಮಾ ಅತ್ತೆ ಅವನ ಕೈಯಲ್ಲಿದ್ದ ಕಾಗದವನ್ನು ನೋಡಿದಳು. ವೆಂಡೆಲ್ ಕೂಡ ನೋಡಿದ. ಮತ್ತೆ ತನ್ನ ಹಲಗೆಯ ತನಕ ನಡೆದ. ಅದು ನಿಂತಿದ್ದ ಮರದ ಕಾಲಿನಲ್ಲಿ ಮೊಣಕಾಲಿನೆತ್ತರಕ್ಕೆ ಅವನ ನೂರ ಎಂಬತ್ತರ ಎರಡು ಗುಂಡುಗಳು ನಾಟಿದ್ದವು. ಮೂರನೆಯದು ಹಿಂದಿನ ಮಣ್ಣುದಿಬ್ಬದಲ್ಲಿ ಎಲ್ಲೋ ಸೇರಿಹೋಗಿತ್ತು.

"ಒಳ್ಳೇ ಗುಂಡು ಕೊಟ್ಟೆ ಮಗನೇ" ಎಂದು ವೆಲ್ಮಾ ಅತ್ತೆ ಅವನ ಕೈಯಿಂದ ಕಾಗದವನ್ನು ಬಿಡಿಸಿಕೊಂಡಳು. "ಇದನ್ನ ಅಡುಗೆಮನೇಲಿ ಅಂಟಿಸ್ತೀನಿ."

ವೆಂಡೆಲ್ ಮನೆ ಸೇರುವಷ್ಟರಲ್ಲಿ ಕತ್ತಲಾಗಿತ್ತು. ಡೋರೀನ್ ದೀಪದ ಕೆಳಗೆ ಆ ಕೆಂಪು ಅಂಗಿಯನ್ನು ಮಡಿಲಲ್ಲಿ ಹರಡಿಕೊಂಡು ಏನೋ ಹೊಲಿಯುತ್ತಿದ್ದಳು.

"ಸಿಕ್ತಾ?"

"ಸಿಕ್ತು. ಸಿಕ್ಕಿದ್ದನ್ನ ಲಾಯ್ಡ್‌ಗೆ ಕೊಟ್ಟೆ."

ಅವಳು ಹಲ್ಲಿನಿಂದ ದಾರ ಕಡಿದು ಅಂಗಿ ಎತ್ತಿ ತೋರಿಸಿದಳು. ಅದರ ಹಿಂದೆ ಹಳೆಯ ಪರದೆಯ ಹೂವಿನ ಬಟ್ಟೆಯೊಂದು ಬಾಲದ ಹಾಗೆ ಮಂಡಿಯ ತನಕ ಇಳಿಬಿದ್ದಿತ್ತು.

"ಕತ್ತರಿಸಿದ್ರೆ ಇದನ್ನ ಕತ್ತರಿಸಲಿ ಅಂತ ಗಸ್‌ಗೆ ಫೋನ್ ಮಾಡಿ ಹೇಳಿದೀನಿ."

ವೆಂಡೆಲ್ ಅದನ್ನು ಮುಟ್ಟಿ ನೋಡಿದ. "ಇಷ್ಟುದ್ದ ಯಾಕೆ?"

"ಪ್ರತಿ ವರ್ಷ ಯಾರು ಹೊಲೀತಾ ಕೂತ್ಕೋತಾರೆ?" ಎಂದಳು ಡೋರೀನ್.