ಕಂಬಿಯಿಂದ ಮೂರು ಮಾರು ದೂರ

ನಮ್ಮ ಭಾವನಷ್ಟು ಧೈರ್ಯಸ್ಥರು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲೇ ಇನ್ನೊಬ್ಬರಿಲ್ಲ. ನೀರು ಕಾಣದ ಕಡೆ ಮಾತ್ರ! ಅರವತ್ತೈದರ ಈ ವಯಸ್ಸಿನಲ್ಲೂ ಹವಾಯಿ ಚಪ್ಪಲಿಯಲ್ಲೇ ಮಾಕಳಿದುರ್ಗ ಹತ್ತಿ ಇಳಿಯುತ್ತಾರೆ. ಮಗ್ಗದ ಶೆಡ್ಡಿಗೆ ನಾಗರಹಾವು ಬಂದಾಗ ನಾವೆಲ್ಲ ರಸ್ತೆಯಲ್ಲಿದ್ದೆವು, ಇವರೊಬ್ಬರೇ ಒಳಗೆ ನಿಂತು ಅದಕ್ಕೆ ದಾರಿ ತೋರಿಸಿ ಕಳಿಸಿದರು. ಅಂಥವರು ಬಸ್ಸು ಕೆರೆ ಏರಿಯ ಮೇಲೆ ಹೋಗುವಾಗ ಕಿಟಕಿ ಪಕ್ಕದ ಸೀಟು ಬಿಟ್ಟು ಎದ್ದು ಬರುತ್ತಾರೆ ಎಂದರೆ ನಂಬುತ್ತೀರಾ?

ಅಕ್ಕನಿಗೆ ಅರವತ್ತು ತುಂಬಿದಾಗ ಅವಳ ಮಗಳು, ಮುಂಬೈಯಿಂದ ಹೊರಡುವ ಪ್ರವಾಸಿ ಹಡಗಿನಲ್ಲಿ ನಾಲ್ಕು ದಿನದ ಟಿಕೆಟ್ಟುಗಳನ್ನು ಉಡುಗೊರೆ ಕೊಟ್ಟಳು. ಸಮುದ್ರವನ್ನೇ ಕಾಣದ ಅಕ್ಕ ಹಿಗ್ಗಿ ಹೀರೇಕಾಯಿಯಾದಳು. ಭಾವ ಅಷ್ಟೇ ಬೇಗ ಬಾಡಿದರು. ನನಗೂ ಒಂದು ಟಿಕೆಟ್ ಬಂತು. “ಅಪ್ಪನ್ನ ಹಿಡ್ಕೊಳ್ಳೋಕೆ ಒಬ್ರು ಬೇಕಲ್ಲ ಮಾಮ” ಅಂದಳು ಹುಡುಗಿ.

ಹೊರಡುವುದಕ್ಕೆ ತಿಂಗಳಿರುವಾಗಲೇ ಭಾವ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತರಿಸಿಕೊಂಡರು.

“ಹಡಗಲ್ಲೇ ಕೊಡ್ತಾರಂತೆ ಭಾವ” ಎಂದೆ.

“ಅದ್ರ ನೂಲು ಲಡ್ಡಾಗಿದ್ರೆ? ಹುಟ್ಟಿದಾಗ್ಲಿಂದ ನೂಲಿನ ಜೊತೆ ಬಾಳಿದ್ದೀನಿ ಕಣೋ. ಅದು ಯಾವಾಗ ಕೈ ಕೊಡುತ್ತೆ ಅಂತ ನನಗೆ ಹೇಳ್ಕೊಡ್ಬೇಡ!”

ಮೈಗೆ ಒಗ್ಗಬೇಕೆಂದು ಅದನ್ನು ತೊಟ್ಟುಕೊಂಡೇ ಮಾರ್ಕೆಟ್ಟಿಗೂ ಹೋದರು. ಸೊಪ್ಪಿನವಳು ಗಾಬರಿಯಿಂದ ಎದ್ದು ನಿಂತಳು. “ಏನಣ್ಣೋ, ಕೆರೆ ಏನಾರ ಒಡ್ದೋಯ್ತಾ?”

ಹಡಗು ಹತ್ತಿದ ಮೇಲೆ ಪ್ರಯಾಣಿಕರನ್ನೆಲ್ಲ ಒಂದು ಕಡೆ ಸೇರಿಸಿ, ಅಪಾಯದ ಗಂಟೆ ಬಾರಿಸಿದರೆ ಏನು ಮಾಡಬೇಕೆಂದು ಹೇಳಿಕೊಡುತ್ತಾರೆ. ಮಿಕ್ಕವರೆಲ್ಲ ಸೆಲ್ಫಿಯಲ್ಲಿ ಮುಳುಗಿದ್ದರು. ನಮ್ಮ ಭಾವ ಮೊದಲ ಸಾಲಿನಲ್ಲಿ, ನೋಟ್‌ಬುಕ್ ಸಮೇತ! ಹೇಳಿಕೊಡುತ್ತಿದ್ದ ಹುಡುಗಿಗೆ ಕನ್ನಡ ಬಾರದು, ಇವರಿಗೆ ಇಂಗ್ಲಿಷ್ ಬಾರದು. ನಡುವೆ ನಾನು.

“ನಮ್ಮ ದೋಣಿ ಯಾವ್ದು ಕೇಳು.” ಅವಳು ತೋರಿಸಿದಳು.

“ಅದ್ರ ಡ್ರೈವರ್ ಯಾರು ಕೇಳು.” ತಾನೇ ಎಂದಳು.

ಕಡ್ಡಿಯಂತಿದ್ದ ಆ ಹುಡುಗಿಯನ್ನು ಭಾವ ಅಡಿಯಿಂದ ಮುಡಿಯವರೆಗೆ ನೋಡಿ, “ಹೊಟ್ಟೆ ತುಂಬ ಉಣ್ತಾಳಂತಾ ಕೇಳು” ಎಂದರು. ಆಮೇಲೆ ಅವಳು ಸಿಕ್ಕಲ್ಲೆಲ್ಲ ಅವಳ ಕೈಗೆರಡು ಕೋಡುಬಳೆ!

ಬೆಂಕಿ ಬಿದ್ದು ಹೊಗೆ ತುಂಬಿದರೆ ದಾರಿ ಕಾಣುವುದಿಲ್ಲವಲ್ಲ? ಅದಕ್ಕೆಂದು ಕಣ್ಣು ಮುಚ್ಚಿಕೊಂಡು ರೂಮಿನಿಂದ ಮೆಟ್ಟಿಲ ತನಕ ಹೆಜ್ಜೆ ಎಣಿಸುವ ಅಭ್ಯಾಸ ಶುರುವಾಯಿತು. ಎಲ್ಲಿ ಎಣಿಕೆ ತಪ್ಪಿತೋ ಏನೋ, ಯಾರದೋ ತೆರೆದ ಬಾಗಿಲೊಳಗೆ ನಡೆದು, ಟವೆಲಿನಲ್ಲಿ ನಿಂತಿದ್ದ ಸೇಠರೊಬ್ಬರ ಎದೆಗೆ ಢಿಕ್ಕಿ ಹೊಡೆದರು. ಕಣ್ಣು ಬಿಟ್ಟವರೇ ಆ ಸೇಠರಿಗೇ ಬುದ್ಧಿ ಹೇಳಿದರು. “ಬಾಗ್ಲು ಹಾಕ್ಕೊಬೇಕು ಸ್ವಾಮಿ, ಬೆಂಕಿ ಗಿಂಕಿ ಬಿದ್ರೆ ಏನ್ ಗತಿ?”

ಇವೆಲ್ಲ ನಗುವ ಮಾತಾಯಿತು. ನಗಲಾರದ ಮಾತೆಂದರೆ ಡೆಕ್ಕಿನ ಕಂಬಿಯದು. ಅದರಿಂದ ಮೂರು ಮಾರು ದೂರ ನಿಲ್ಲಬೇಕೆಂಬುದು ಭಾವನ ಕಾನೂನು. ಅಕ್ಕ ಎಲ್ಲಿ ಹೋದರೂ ಅವಳ ಸೆರಗಿನ ತುದಿ ಹಿಡಿದು ಹಿಂದೆ ಇವರು. ಎರಡನೆಯ ಮಧ್ಯಾಹ್ನ ಅಕ್ಕನ ಸಹನೆಯ ಕಟ್ಟೆ ಒಡೆಯಿತು.

“ನಾನು ಸಮುದ್ರ ನೋಡೋಕ್ ಬಂದಿದ್ದೀನಾ, ನಿಮ್ಮ ಮುಖ ನೋಡೋಕ್ ಬಂದಿದ್ದೀನಾ? ಮುಖ ಮನೇಲೇ ಇತ್ತಲ್ಲ!”

ಸೆರಗು ಕಿತ್ತುಕೊಂಡು ಹೊರಟೇ ಹೋದಳು. ಭಾವ ಬರಿಗೈ ನೋಡಿಕೊಳ್ಳುತ್ತಾ ನಿಂತರು.

ಅರ್ಧ ಗಂಟೆಯೊಳಗೆ ಗಾಳಿ ಎದ್ದಿತು. ಅಷ್ಟು ದೊಡ್ಡ ಹಡಗು ತೊಟ್ಟಿಲಿನ ಹಾಗೆ ಓಲಾಡತೊಡಗಿತು. ಯಾರೂ ಹೊರಗೆ ನಿಲ್ಲಬೇಡಿ ಎಂದು ಧ್ವನಿವರ್ಧಕ ಕೂಗಿತು. ರೂಮಿನಲ್ಲಿ ಅಕ್ಕ ಇಲ್ಲ. ಊಟದ ಹಾಲಿನಲ್ಲೂ ಇಲ್ಲ. ಫೋನು ಚಾರ್ಜಿಗಿಟ್ಟು ಹೋಗಿದ್ದಾಳೆ! ಈಗೇನು ಮಾಡುವುದೆಂದು ಕೇಳಲು ತಿರುಗಿದರೆ, ಭಾವನೂ ಇಲ್ಲ!

ಮೇಲಿನ ಡೆಕ್ಕಿಗೆ ಓಡಿದೆ. ಬಾಗಿಲು ಮುಚ್ಚುತ್ತಿದ್ದ ಸಿಬ್ಬಂದಿ ಹೊರಗೆ ಕೈ ತೋರಿಸಿ ಕಿರುಚುತ್ತಿದ್ದರು. ಅವರ ತೋಳಿನಡಿ ನುಸುಳಿ ಹೋಗಿದ್ದ ಭಾವ, ಜಾಕೆಟ್ಟೂ ಇಲ್ಲದೆ, ಒದ್ದೆ ನೆಲದ ಮೇಲೆ ನಿಂತು, ಕಂಬಿಗೆ ಎದೆಯೊತ್ತಿ ಬಗ್ಗಿ, ಕೆಳಗಿನ ನೀರಿನತ್ತ ಅಕ್ಕನ ಹೆಸರು ಹಿಡಿದು ಕೂಗುತ್ತಿದ್ದರು. ಮದುವೆಯಾದಾಗಿನಿಂದ “ಇವಳೇ” ಎಂದಲ್ಲದೆ ಬೇರೆ ಕರೆದವರಲ್ಲ. ಸಿಬ್ಬಂದಿಯ ಇಬ್ಬರು ಸೇರಿ ಎಳೆದು ತರುವಷ್ಟರಲ್ಲಿ ಜಾರಿ ಬಿದ್ದು ಮಂಡಿ ಒಡೆದುಕೊಂಡರು.

ಅಕ್ಕ ಎಲ್ಲಿದ್ದಳು ಅಂತೀರಾ? ಆಟದ ಹಾಲಿನಲ್ಲಿ ನಾಲ್ಕು ಹೆಂಗಸರ ಜೊತೆ ಹೌಸಿ ಆಡುತ್ತಿದ್ದಳು. ಗೆಲ್ಲಲು ಒಂದೇ ಅಂಕಿ ಬಾಕಿಯಿತ್ತಂತೆ!

ಹಡಗಿನ ವೈದ್ಯರು ಮಂಡಿಗೆ ಹೊಲಿಗೆ ಹಾಕಿ ಹೋದರು. ಅಕ್ಕ ಒಣಬಟ್ಟೆ ತರಲು ರೂಮಿಗೆ ಹೋಗಿದ್ದಳು. ನಾನು ರೇಗಿದೆ.

“ನೀವು ಬಿದ್ದಿದ್ರೆ ಏನ್ ಗತಿ ಭಾವ? ಈಜೂ ಬರಲ್ಲ ನಿಮಗೆ!”

“ನಾನು ಬಿದ್ರೆ ಐದು ನಿಮಿಷ, ಮುಗೀತು. ಅದ್ಕೇನ್ ಹೆದ್ರೋದು?”

“ಮತ್ತೆ ಯಾವುದಕ್ಕೆ ಇಷ್ಟೆಲ್ಲ?”

ಭಾವ ಮಂಡಿಯ ಪಟ್ಟಿ ಸರಿಮಾಡಿಕೊಂಡರು. “ಅವಳಿಗೆ ಈಜು ಬರುತ್ತಲ್ಲೋ. ಮದ್ವೆಯಾದ ಹೊಸದ್ರಲ್ಲಿ ನಿಮ್ಮ ತೋಟದ ಬಾವೀಗೆ ಅವಳು ಮೇಲಿಂದ ಹಾರ್ತಿದ್ದಿದ್ದು ನಾನ್ ನೋಡಿಲ್ವಾ? ಈಜು ಬರೋರಿಗೆ ನೀರು ಅಂದ್ರೆ ಸದರ. ನಾನು ಬಿದ್ರೆ ನಿಂತು ನೋಡ್ತಾಳಾ? ಹಿಂದೇನೇ ಹಾರ್ಬಿಡ್ತಾಳೆ ಕಣೋ. ಬಾವಿ ಆಗಿದ್ರೆ ನನ್ನ ಎಳ್ಕೊಂಡ್ ಮೇಲೆ ಬಂದಾಳು. ಇಷ್ಟು ನೀರಲ್ಲಿ...”

ತಲೆಯೆತ್ತಿದರೆ ಬಾಗಿಲಲ್ಲಿ ಪಂಚೆ, ಟವೆಲು ಹಿಡಿದು ಅಕ್ಕ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಒಳಗೆ ಬಂದವಳು ಬಯ್ಯಲಿಲ್ಲ. ಭಾವನ ಪಕ್ಕ ಕೂತು, ಮಗುವಿಗೆ ಒರೆಸಿದ ಹಾಗೆ ಅವರ ಒದ್ದೆ ತಲೆ ಒರೆಸತೊಡಗಿದಳು.

“ನಿಮ್ಮ ಹಿಂದೇನೇ ಹಾರ್ತಿದ್ದೆ ಅನ್ನೋದು ಗೊತ್ತಲ್ಲ ನಿಮಗೆ,” ಎಂದಳು. “ಸಾಕು ಬಿಡಿ.”