ಅತ್ತೆಯ ಡಬ್ಬಿ, ನನ್ನ ಲೋಗೋ

ಆ ಲೋಗೋದಲ್ಲಿ ಹದಿನಾಲ್ಕು ರಾಗಿ ತೆನೆಗಳಿದ್ದವು ಎಂದು ನನ್ನ ನೆನಪು. ನನ್ನ ಗಂಡ ರಘು ಆರೇ ಇದ್ದವು ಎನ್ನುತ್ತಾನೆ. ದಿನಚರಿಯಲ್ಲಿ ಬರೆದಿಟ್ಟಿದ್ದೇನೆ ನಿಜ, ಆದರೆ ಅದು ಎಲ್ಲ ಮುಗಿದು, ಅವಮಾನ ಕೊಂಚ ಆರಿದ ಮೇಲೆ ಬರೆದದ್ದು. ಅದನ್ನೂ ನಂಬುವಂತಿಲ್ಲ. ವಿವರಗಳು ಅಲ್ಲಲ್ಲಿ ತಪ್ಪಿರಬಹುದು. ಜಿರಳೆ ಮಾತ್ರ ನಿಜ.

ಜಕ್ಕೂರಿನ ಹಳೇ ಊರಿನಲ್ಲಿರುವ ನನ್ನ ಸೋದರತ್ತೆ ಗೌರಮ್ಮ ಹುಚ್ಚೆಳ್ಳು ಚಟ್ನಿಪುಡಿ ಮಾಡುತ್ತಾರೆ. ಅವರ ಮನೆ ಎದುರಿಗೆ ಎದ್ದಿರುವ ಅಪಾರ್ಟ್‌ಮೆಂಟಿನವರು ತಮ್ಮ ಆವರಣದಲ್ಲಿ ಒಂದು ಭಾನುವಾರ ಮಾರಾಟದ ಮೇಜು ಹಾಕಿಕೊಳ್ಳಲು ಒಪ್ಪಿದ್ದರು. ಚೆನ್ನಾಗಿ ಮಾರಾಟವಾದರೆ ಪ್ರತಿ ಭಾನುವಾರವೂ ಆ ಮೇಜು ಅತ್ತೆಯದೇ. ಇಲ್ಲವಾದರೆ ಅದಕ್ಕೆ ಕೇಕ್ ಮಾಡುವವರೊಬ್ಬರು ಕಾದಿದ್ದರು. ಡಬ್ಬಿಗೊಂದು ಗುರುತು ಬೇಕಿತ್ತು. ಎಂ.ಎ. ಓದಿದ, ಲ್ಯಾಪ್‌ಟಾಪ್ ಇರುವ ಸೊಸೆ ನಾನಿದ್ದೆ.

ಸಹಕಾರನಗರದ ನಮ್ಮ ಮನೆಯ ಊಟದ ಮೇಜಿನಲ್ಲಿ ನಾಲ್ಕು ದಿನ ಕೂತು ಸದರಿ ಲೋಗೋವನ್ನು ಸಿದ್ಧಪಡಿಸಿದೆ. ಬೀಸುಕಲ್ಲಿನ ಮುಂದೆ ಕೂತ ಹೆಂಗಸು, ಹಿಂದೆ ಕೆರೆ, ಕೆರೆಯ ಮೇಲೆ ಸೂರ್ಯ. ಹುಚ್ಚೆಳ್ಳು ರಾಗಿ ಹೊಲದ ನಡುವೆ ಬೆಳೆಯುವುದರಿಂದ ಎರಡೂ ಬದಿಗೆ ರಾಗಿ ತೆನೆ. ಅತ್ತೆಯ ತಾರಸಿ ಮೇಲೆ ಜಕ್ಕೂರಿನ ವಿಮಾನ ತರಬೇತಿ ಶಾಲೆಯ ಪುಟ್ಟ ವಿಮಾನಗಳು ಹಾರುವುದರಿಂದ ಮೇಲೊಂದು ವಿಮಾನ. ಸ್ಥಳೀಯ ಪರಿಸರವನ್ನು ಕೈಬಿಡಬಾರದೆಂಬುದು ನನ್ನ ನಿಲುವಾಗಿತ್ತು.

"ಇಷ್ಟೆಲ್ಲ ಡಬ್ಬಿ ಮೇಲೆ ಕಾಣ್ಸುತ್ತೇನೇ?" ಎಂದ ರಘು.

"ಎಷ್ಟು ಕುಗ್ಗಿಸಿದ್ರೂ ಈ ಫೈಲ್ ಕೆಡಲ್ಲ ಕಣೋ."

"ಫೈಲ್ ಸರಿ. ನೋಡೋರ ಕಣ್ಣು?"

ಉತ್ತರ ಪಡೆಯುವ ಯೋಗ್ಯತೆ ಆ ಪ್ರಶ್ನೆಗಿಲ್ಲವೆಂದು ತೀರ್ಮಾನಿಸಿದೆ.

ಮೊದಲು ಅದನ್ನು ಅತ್ತೆಯ ವಾಟ್ಸಾಪಿನ ಪ್ರೊಫೈಲ್ ಚಿತ್ರವಾಗಿ ಹಾಕಿದೆ. ಅಲ್ಲಿನ ದುಂಡನೆಯ ಚೌಕಟ್ಟು ತೆನೆ, ಕೆರೆ, ವಿಮಾನವನ್ನೆಲ್ಲ ಕತ್ತರಿಸಿ ಹೆಂಗಸಿನ ಸೊಂಟವನ್ನು ಮಾತ್ರ ಉಳಿಸಿಕೊಂಡಿತು. ಆಮೇಲೆ ಬ್ಯಾನರ್. ಅಂಗಡಿಯವನಿಗೆ ಫೈಲಿನ ಬದಲು ವಾಟ್ಸಾಪಿನ ಆ ಪುಟ್ಟ ಚಿತ್ರವನ್ನು ಕಳಿಸಿದ್ದು ನಾನೇ ಇರಬೇಕು. ಆರಡಿ ಬಟ್ಟೆಯ ಮೇಲೆ ಸೊಂಟ ಬಚ್ಚಲುಮನೆಯ ಟೈಲ್ಸಿನಂತೆ ಚೌಕ ಚೌಕವಾಗಿ ಬಂತು. ಅದನ್ನು ತಿರುವಿ ಹಾಕಿ ಮೇಜಿಗೆ ಹಾಸಿದೆವು.

ಸ್ಟಿಕರ್ ಎರಡು ಬೆರಳಗಲ. ಭಾನುವಾರ ಬೆಳಿಗ್ಗೆ ಅಂಟಿಸಿ ಮುಗಿದ ಮೇಲೆಯೇ ನಾನು ಅದನ್ನು ಸರಿಯಾಗಿ ನೋಡಿದ್ದು. ಹೆಂಗಸು, ಬೀಸುಕಲ್ಲು, ಕೆರೆ ಕೂಡಿ ಕಂದು ಬಣ್ಣದ ಉದ್ದನೆಯ ಹೊಟ್ಟೆಯಾಗಿದ್ದವು. ವಿಮಾನದ ರೆಕ್ಕೆ ಮೀಸೆಯಾಗಿತ್ತು. ತೆನೆಗಳು ಕಾಲಾಗಿದ್ದವು, ಆರೋ ಹದಿನಾಲ್ಕೋ.

ವಾಕಿಂಗ್ ಮುಗಿಸಿ ಬಂದ ಮಹಿಳೆಯೊಬ್ಬರು ಡಬ್ಬಿ ಎತ್ತಿಕೊಂಡರು. ಒಳಗೆ ಕಪ್ಪು ಪುಡಿ, ಮೇಲೆ ಈ ಚಿತ್ರ.

"ಜಿರಳೆ ಪುಡಿನಾ? ಮಕ್ಕಳಿರೋ ಮನೇಲಿ ಹಾಕ್ಬೋದೇನ್ರೀ?"

"ಮಕ್ಕಳಿಗೇ ಹಾಕ್ಬೋದು," ಎಂದೆ. "ಬಿಸಿ ಅನ್ನಕ್ಕೆ, ತುಪ್ಪದ ಜೊತೆ."

ಅವರು ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟು, ನನ್ನನ್ನೇ ನೋಡುತ್ತ ಹಿಂದೆ ಹಿಂದೆ ಸರಿದು ಹೋದರು.

ಮುಂದೆ ಅರ್ಧ ಗಂಟೆ ಯಾರೂ ಬರಲಿಲ್ಲ. ಕೇಕಿನವರು ಬಂದು ಮೇಜಿನ ಉದ್ದವನ್ನು ಕಣ್ಣಲ್ಲೇ ಅಳೆದು ಹೋದರು.

ಅತ್ತೆ ಬೈಯಲಿಲ್ಲ. ಒದ್ದೆ ಬಟ್ಟೆಯಿಂದ ಸ್ಟಿಕರ್‌ಗಳನ್ನು ಉಜ್ಜಿ ಕಿತ್ತರು. ಮೊದಲ ದಿನದ ಶುಭಕ್ಕೆಂದು ತಂದಿದ್ದ ರಂಗೋಲಿ ಪುಡಿಯಿಂದ ಮೇಜಿನ ಮುಂದೆ ದೊಡ್ಡ ಎಳೆ ರಂಗೋಲಿ ಬಿಟ್ಟರು. ನನ್ನ ಮಾರ್ಕರ್ ಇಸಿದುಕೊಂಡು ಕಾಗದದ ಚೀಲಗಳ ಮೇಲೆ ಅದನ್ನೇ ಒಂಬತ್ತು ಚುಕ್ಕಿಯಲ್ಲಿ ಬರೆದರು. ಮುಚ್ಚಳದ ಮೇಲೆ ನಾಲ್ಕೇ ಚುಕ್ಕಿ, ಸುತ್ತ ಒಂದೇ ಎಳೆ. ಮೂರೂ ಒಂದೇ ಮನೆಯ ಅಕ್ಕತಂಗಿಯರಂತೆ ಕಂಡವು.

"ಜಾಗ ಚಿಕ್ಕದಾದ್ರೆ ಚುಕ್ಕೀನ ಚಿಕ್ಕದು ಮಾಡಬಾರ್ದು ಕಣಮ್ಮಿ, ಕಮ್ಮಿ ಮಾಡ್ಬೇಕು. ಬಾಗ್ಲಿಗೆ ಅಂಗೆ, ಒಲೆ ಮುಂದಕ್ಕೆ ಇಂಗೆ. ಓದಿರೋರು ಇದಕ್ಕೆ ಏನಂತೀರೋ."

ಓದಿದ ನಾನು ಒದ್ದೆ ಡಬ್ಬಿಗಳನ್ನು ಒರೆಸಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ಮೂರೇ ಡಬ್ಬಿ ಉಳಿದಿದ್ದವು. ಮೇಜು ಅತ್ತೆಯದಾಯಿತು. ನನ್ನದೊಂದು ಸ್ಟಿಕರನ್ನು ರಘು ನಮ್ಮ ಸಿಂಕಿನ ಕೆಳಗೆ ಅಂಟಿಸಿದ್ದಾನೆ. ಪರಿಣಾಮಕಾರಿಯಾಗಿದೆಯಂತೆ.

ಉಳಿದಿರುವುದು ಒಂದೇ ಸಂಶಯ. ಲೋಗೋ ತೋರಿಸಿದ ಮೊದಲ ದಿನವೇ ಅತ್ತೆ, "ಇದನ್ನ ಮುಚ್ಚಳದ ಮೇಲಿಟ್ಟು ನೋಡಿದ್ಯಾ?" ಎಂದು ಕೇಳಿದ್ದರು, ನಾನು ನಕ್ಕು ಮಾತು ತೇಲಿಸಿದ್ದೆ ಎಂದು ನೆನಪು. ಅಥವಾ ಅವರು ಕೇಳಲೇ ಇಲ್ಲವೋ, ಬುದ್ಧಿ ಬಂದ ಮೇಲೆ ನಾನೇ ಸೇರಿಸಿಕೊಂಡೆನೋ. ಮೊನ್ನೆ ಹೋದಾಗ ಅವರು ಹುಚ್ಚೆಳ್ಳು ಹುರಿಯುತ್ತಿದ್ದರು. ನೇರವಾಗಿ ಕೇಳಿಬಿಟ್ಟೆ.

"ಅತ್ತೆ, ಇಂಗಾಗುತ್ತೆ ಅಂತ ಅವತ್ತೇ ನಿಮಗೆ ಗೊತ್ತಿತ್ತಾ?"

"ಉರಿ ಸಣ್ಣ ಮಾಡು," ಎಂದರು.

ಮಾಡಿದೆ. ಕಾದೆ. ಹುಚ್ಚೆಳ್ಳು ಮಾತ್ರ ಚಟಪಟ ಎಂದಿತು.